ಕೆಟ್ಟ ಬಿಯರ್ ಬಾಟಲಿಯನ್ನು ಕಂಪನಿಯವರ ಕೈಗೆ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬಿಯರ್ ಕೆಟ್ಟಿದೆ ಅನಿಸಿದರೆ ಚೆಲ್ಲಬೇಡಿ, ಬಾಟಲಿ ಗುಜರಿಗೆ ಹಾಕಬೇಡಿ, ಕಂಪನಿಯಿಂದ ಬಂದೆ ಎಂದವರ ಕೈಗಂತೂ ಕೊಡಲೇಬೇಡಿ. ನಾನು ಮೂರನ್ನೂ ಮಾಡಿದೆ, ಇದೇ ಕ್ರಮದಲ್ಲಿ.

ದೀಪಾವಳಿ ಮುಗಿದ ಮೇಲಿನ ಶನಿವಾರ. ಪುಣೆಯಲ್ಲಿ ಕೆಲಸ ಮಾಡುವ ಇಬ್ಬರು ಹಳೇ ಗೆಳೆಯರು ಬೆಳಗಾವಿಗೆ ಬಂದಿದ್ದರು. ಇನ್ನೊಬ್ಬನದು ದೇಸೂರಿನ ಹತ್ತಿರ ಹೊಲವಿದೆ. ಕಬ್ಬು ಹಚ್ಚಿದ್ದಾನೆ, ಬದುವಿನ ಪಕ್ಕ ಒಂದು ಪತ್ರಾಸಿನ ಶೆಡ್ಡು. ಎಂಟು ಜನ ಸೇರಿದೆವು. ಮಟನ್ ರಸ್ಸಾ, ಖಡಕ್ ರೊಟ್ಟಿ, ಉಳ್ಳಾಗಡ್ಡಿ. ಬಿಯರ್ ತರುವುದು ನನ್ನ ಪಾಲಿಗೆ ಬಂತು. ದಾರಿಯಲ್ಲಿ ಸಿಕ್ಕ ಒಂದು ವೈನ್‌ಶಾಪ್‌ನಲ್ಲಿ ಎರಡು ಬಾಕ್ಸ್ ತಗೊಂಡೆ. 650 ಎಂಎಲ್‌ನ 24 ಬಾಟಲಿ, 4,440 ರೂಪಾಯಿ. ಫೋನ್‌ನಲ್ಲೇ ದುಡ್ಡು ಹಾಕಿದೆ. ಬಿಲ್ ಕೇಳಲಿಲ್ಲ. ನಮ್ಮ ಕಡೆ ವೈನ್‌ಶಾಪ್‌ನಲ್ಲಿ ಬಿಲ್ ಕೇಳಿದರೆ, ಇವನೇನು ಅಬಕಾರಿ ಇಲಾಖೆಯವನಾ ಅಂತ ಮೇಲಿಂದ ಕೆಳಗೆ ನೋಡುತ್ತಾರೆ.

ಮೊದಲ ಸುತ್ತಿನಲ್ಲೇ ಒಬ್ಬ ಮುಖ ಕಿವುಚಿದ. "ಏನಲೇ ಇದು, ಹುಳಿ ಬಂದ ಅಂಬಲಿ ಕುಡದಂಗ ಆಗಾಕತ್ತೈತಿ" ಎಂದ. ಅವನು ಯಾವಾಗಲೂ ಹಾಗೇ, ಎಲ್ಲದಕ್ಕೂ ಏನಾದರೊಂದು ತಕರಾರು. ನಾವು ನಕ್ಕೆವು. ಆಮೇಲೆ ನಾನೂ ಒಂದು ಗುಟುಕು ಕುಡಿದೆ. ನೊರೆ ಬರಲೇ ಇಲ್ಲ. ಹಳಸಿದ ಬೆಣ್ಣೆಯ ವಾಸನೆ, ಹಿಂದಿನಿಂದ ಹುಳಿ. ಸೀಲ್ ಒಡೆಯದ ಒಂದು ಬಾಟಲಿಯನ್ನು ಬೈಕಿನ ಹೆಡ್‌ಲೈಟಿಗೆ ಅಡ್ಡ ಹಿಡಿದೆವು. ಒಡೆದ ಹಾಲಿನ ಚೂರಿನಂಥ ಬಿಳಿ ತುಣುಕುಗಳು ತಳದಿಂದ ಎದ್ದು ನಿಧಾನಕ್ಕೆ ತಿರುಗುತ್ತಿದ್ದವು. ಬಾಟಲಿ ಬುಡಮೇಲು ಮಾಡಿದರೆ ಹಿಮ ಬಿದ್ದಂತೆ ಕೆಳಗೆ ಬರುತ್ತಿದ್ದವು. ಎರಡೂ ಬಾಕ್ಸ್ ಹಾಗೇ.

ಸಿಟ್ಟಿನಲ್ಲಿ ಎಲ್ಲವನ್ನೂ ಕಬ್ಬಿನ ಕಾಲುವೆಗೆ ಸುರಿದೆವು. ಖಾಲಿ ಬಾಟಲಿಗಳು ಮರುದಿನ ಗುಜರಿಯವನ ಪಾಲಾದವು. ರಾತ್ರಿ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಅದು ಬಿಯರ್‌ನಿಂದಲೋ ರಸ್ಸಾದ ಖಾರದಿಂದಲೋ ಅಂತ ಆಣೆ ಮಾಡಿ ಹೇಳಲಾರೆ. ಹುಳಿ ಹಿಡಿದ ಬಿಯರ್‌ನಿಂದ ಸಾಮಾನ್ಯವಾಗಿ ದೊಡ್ಡ ಕಾಯಿಲೆ ಬರುವುದಿಲ್ಲ. ಅದರಲ್ಲಿರುವ ಆಲ್ಕೋಹಾಲ್, ಹಾಪ್ಸ್ ಎಂಬ ಹೂವಿನ ಕಹಿ, ಆಮ್ಲ ಎಲ್ಲಾ ಸೇರಿ ರೋಗದ ಕ್ರಿಮಿಗಳನ್ನು ಬೆಳೆಯಲು ಬಿಡುವುದಿಲ್ಲ. ಹುಳಿ ಮತ್ತು ಬೆಣ್ಣೆ ವಾಸನೆ ತರುವುದು ಹೆಚ್ಚಾಗಿ ಮೊಸರಿನ ಜಾತಿಯದೇ ಬ್ಯಾಕ್ಟೀರಿಯಾ. ಪೈಪು, ಟ್ಯಾಂಕು ಸರಿಯಾಗಿ ತೊಳೆಯದಿದ್ದರೆ ಸೇರಿಕೊಳ್ಳುತ್ತವೆ. ಬಿಳಿ ತುಣುಕು ಪ್ರೋಟೀನ್ ಗಟ್ಟಿಯಾಗಿ ಆಗಿದ್ದಿರಬಹುದು. ಸಾಯುವುದಿಲ್ಲ, ಸರಿ. ಹಾಗಂತ ಅದಕ್ಕೆ ಪೂರ್ತಿ ದುಡ್ಡು ಕೊಡಬೇಕಾ?

ಪುಣ್ಯಕ್ಕೆ ಎರಡು ಬಾಟಲಿ ಬೈಕಿನ ಡಿಕ್ಕಿಯಲ್ಲೇ ಉಳಿದಿದ್ದವು. ಸೋಮವಾರ ಅವನ್ನು ಹಿಡಿದು ಅಂಗಡಿಗೆ ಹೋದೆ. ಮಾಲೀಕರು ಒಳ್ಳೆಯವರೇ. "ಸರ, ಡಿಪೋದಿಂದ ಬಂದ ಮಾಲು. ರೊಕ್ಕ ಮೊದಲ ಕಟ್ಟಿ ತರ್ತೀವ್ರಿ. ವಾಪಸ್ ಯಾರು ತಗೋತಾರ್ರಿ?" ಎಂದರು. ಇದು ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ ಮದ್ಯವೆಲ್ಲ 2003ರಲ್ಲಿ ಶುರುವಾದ ಸರ್ಕಾರಿ ಪಾನೀಯ ನಿಗಮದ ಡಿಪೋಗಳಿಂದಲೇ ಅಂಗಡಿಗೆ ಬರುತ್ತದೆ. ಕಂಪನಿ, ನಿಗಮ, ಅಂಗಡಿ, ಆಮೇಲೆ ನಾವು. ಕೆಟ್ಟ ಬಾಟಲಿ ಈ ಮೆಟ್ಟಿಲುಗಳನ್ನು ಸಲೀಸಾಗಿ ಇಳಿದು ಬರುತ್ತದೆ, ಹತ್ತಿ ವಾಪಸ್ ಹೋಗುವುದು ಮಾತ್ರ ಕಷ್ಟ.

ಲೇಬಲ್ ಮೇಲಿದ್ದ ಗ್ರಾಹಕ ಸೇವೆ ನಂಬರಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆಯೇ, "ಬಾಟಲಿ ಬಿಸಿಲಲ್ಲಿ ಇಟ್ಟಿದ್ರಾ ಸರ್?" ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಾವು ಸ್ವೆಟರ್ ಹುಡುಕುತ್ತಿರುತ್ತೇವೆ. ಬಿಸಿಲಿಗೆ ಬಿಯರ್ ಕೆಡುವುದು ನಿಜ. ಬೆಳಕು ತಾಗಿದರೆ ಒಂಥರಾ ಗಬ್ಬು ವಾಸನೆ ಬರುತ್ತದೆ, ಅದಕ್ಕೇ ಕಂದು ಬಣ್ಣದ ಬಾಟಲಿ ಬಳಸುತ್ತಾರೆ. ಆದರೆ ಬಿಸಿಲಿಗೆ ಬಿಯರ್ ಹುಳಿಯಾಗುವುದಿಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದಿದ್ದು. ಆ ಹೊತ್ತಿನಲ್ಲಿ "ಇಲ್ರೀ, ಇಲ್ರೀ" ಅಂತ ತಪ್ಪು ಮಾಡಿದವನ ಹಾಗೆ ಹೇಳುತ್ತಿದ್ದೆ.

ನಾಲ್ಕು ದಿನ ಬಿಟ್ಟು ಕಂಪನಿಯ ಹುಡುಗನೊಬ್ಬ ಗೋವಾವೇಸ್ ಹತ್ತಿರ ಚಹಾದಂಗಡಿಗೆ ಕರೆದ. ಇಸ್ತ್ರಿ ಶರ್ಟು, ಕೈಯಲ್ಲಿ ಬ್ಯಾಗು, ಮಾತು ಬೆಣ್ಣೆ. "ಲ್ಯಾಬಿಗೆ ಕಳಿಸ್ತೀವಿ ಸರ್" ಎಂದು ನನ್ನ ಎರಡೂ ಬಾಟಲಿ ಬ್ಯಾಗಿಗೆ ಹಾಕಿಕೊಂಡ. ಅದೇ ಅಂಗಡಿಗೆ ಫೋನ್ ಮಾಡಿ ನನಗೊಂದು ಬಾಕ್ಸ್ ಕೊಡಿಸಿದ. ಮೇಲೆ ಒಂದು ಟೀ ಶರ್ಟು. ಒಂದು ಹಾಳೆಗೆ ಸಹಿ ಹಾಕಿಸಿಕೊಂಡ. ದೂರಿನ ನಂಬರ್, ಬ್ಯಾಚ್ ನಂಬರ್, ಬದಲಿಗೆ ಕೊಟ್ಟಿದ್ದು ಒಂದು ಬಾಕ್ಸ್, ಗ್ರಾಹಕರಿಗೆ ತೃಪ್ತಿಯಾಗಿದೆ. ಪೂರ್ತಿ ಓದದೆ ಸಹಿ ಮಾಡಿದೆ. ಅವನು ಅದರ ಫೋಟೋ ತೆಗೆದು ನನ್ನ ವಾಟ್ಸಾಪಿಗೂ ಹಾಕಿದ. ಪಾಪ, ಅದು ಅವನು ಮಾಡಿದ ಒಂದೇ ಒಂದು ತಪ್ಪು.

ಮನೆಗೆ ಬಂದು ಬಾಕ್ಸ್ ಬಿಚ್ಚಿದೆ. ಒಂದು ಬಾಟಲಿ ಟ್ಯೂಬ್‌ಲೈಟಿಗೆ ಹಿಡಿದೆ. ಅದೇ ಬಿಳಿ ಚೂರು. ಲೇಬಲ್ ನೋಡಿದೆ. ಅದೇ ಬ್ಯಾಚ್ ನಂಬರ್, ಅದೇ ತಯಾರಿಕೆ ದಿನಾಂಕ. ಕೆಟ್ಟ ಬಿಯರ್‌ಗೆ ಪರಿಹಾರವಾಗಿ ಅದೇ ಕೆಟ್ಟ ಬಿಯರ್! ಇನ್ನೇನಾಗುತ್ತೆ? ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದಿದ್ದು ಆ ಬ್ಯಾಚಿನದೇ ರಾಶಿ. ಹುಡುಗನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಗ್ರಾಹಕ ಸೇವೆಯವರು, "ನಿಮ್ಮ ದೂರು ಮುಗಿದಿದೆ, ತೃಪ್ತಿಯಾಗಿದೆ ಅಂತ ಇದೆ" ಎಂದರು. ಲ್ಯಾಬ್ ವರದಿ ಕೇಳಿದೆ. ಅದು ಕಂಪನಿಯ ಒಳಗಿನ ವಿಷಯವಂತೆ.

ನನಗೆ ಉರಿದಿದ್ದು ಟೀ ಶರ್ಟಿಗಲ್ಲ. ನನ್ನ ಬಾಯಿ ಮುಚ್ಚಿಸಲು ಒಂದು ಬಾಕ್ಸ್ ಕೊಟ್ಟವರು, ಆ ಕೋಣೆಯಲ್ಲಿದ್ದ ಉಳಿದ ಬಾಕ್ಸ್‌ಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವು ಆ ವಾರವೇ ಖರ್ಚಾಗಿಹೋದವು. ಕೊಂಡವರಲ್ಲಿ ಎಷ್ಟೋ ಜನ ನಮ್ಮ ಹಾಗೇ ಬೈದು ಚೆಲ್ಲಿರುತ್ತಾರೆ.

ಬಿಯರ್ ಕಂಪನಿಗಳಿಗೆ ಇದು ಹೊಸತೇನಲ್ಲ. 1976ರಲ್ಲಿ ಅಮೆರಿಕದ ಮಿಲ್ವಾಕಿಯ ಶ್ಲಿಟ್ಜ್ ಕಂಪನಿಯ ಬಿಯರ್‌ನಲ್ಲಿ ಇಂಥದ್ದೇ ತುಣುಕು ತೇಲಿದವು. ಬಿಯರ್ ತಿಳಿಯಾಗಿರಲಿ ಅಂತ ಹಾಕಿದ್ದ ಒಂದು ಪದಾರ್ಥ, ನೊರೆ ನಿಲ್ಲಲಿ ಅಂತ ಹಾಕಿದ್ದ ಇನ್ನೊಂದರ ಜೊತೆ ಜಗಳವಾಡಿತ್ತು. ಕಂಪನಿ ಸುಮ್ನೆ ಕೂತು ಕಾಲ ತಳ್ಳಿತು. ಕೊನೆಗೆ ಸದ್ದಿಲ್ಲದೆ ಸುಮಾರು ಒಂದು ಕೋಟಿ ಬಾಟಲಿ, ಕ್ಯಾನ್ ವಾಪಸ್ ತರಿಸಿ ನಾಶ ಮಾಡಿತು. ಜನ ಅಷ್ಟರಲ್ಲಿ ಬೇರೆ ಬ್ರ್ಯಾಂಡ್ ಹಿಡಿದಿದ್ದರು. 1982ರಲ್ಲಿ ಕಂಪನಿಯೇ ಬೇರೆಯವರ ಪಾಲಾಯಿತು. ಶಿಕಾಗೋದ ಗೂಸ್ ಐಲ್ಯಾಂಡ್ ಬೇರೆ ದಾರಿ ಹಿಡಿಯಿತು. ಅವರ 2015ರ ದುಬಾರಿ ಬಿಯರ್ ಹುಳಿ ಹಿಡಿದಾಗ, 2016ರಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿದೆ ಅಂತ ಹೆಸರು ಸಮೇತ ಹೇಳಿ, ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು. ಕೆಲವು ತಿಂಗಳ ಮೇಲೆ ಇನ್ನಷ್ಟು ಬಾಟಲಿಗಳಲ್ಲಿ ಅದೇ ದೋಷ ಕಂಡಾಗ, ಅವಕ್ಕೂ ಕೊಟ್ಟರು. 2016ರ ತಯಾರಿಕೆಯಿಂದಲೇ ಆ ಬಿಯರನ್ನು, ಕ್ರಿಮಿ ಸಾಯಲಿ ಅಂತ, ಬಿಸಿ ಮಾಡಿ ಆಮೇಲೆ ತುಂಬುವುದಕ್ಕೆ ಶುರು ಮಾಡಿದರು. ನಮ್ಮಲ್ಲೂ 2023ರಲ್ಲಿ ನಂಜನಗೂಡಿನಲ್ಲಿ ತಯಾರಾದ ಬಿಯರ್‌ನಲ್ಲಿ ಗಸಿ ಕಂಡಾಗ ಅಬಕಾರಿ ಇಲಾಖೆ 78 ಸಾವಿರಕ್ಕೂ ಜಾಸ್ತಿ ಬಾಕ್ಸ್ ತಡೆಹಿಡಿದಿತ್ತು. ಅಂದರೆ ಬ್ಯಾಚ್ ಪೂರ್ತಿ ನಿಲ್ಲಿಸುವುದು ಇಲ್ಲೂ ಆಗದ ಕೆಲಸವಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಪರಿಹಾರ ಅಂದರೆ ದುಡ್ಡು, ಬಿಯರ್ ಅಲ್ಲ. ಕೆಟ್ಟ ಇಡ್ಲಿ ಕೊಟ್ಟ ಹೋಟೆಲ್‌ನವನು ಇನ್ನೆರಡು ಇಡ್ಲಿ ಹಾಕ್ತೀನಿ ಅಂದರೆ ಯಾರಿಗೆ ಬೇಕು? ಬ್ಯಾಚ್ ನಂಬರನ್ನು ಅಂಗಡಿಗಳ ಮುಂದೆ ಅಂಟಿಸಬೇಕು, ಫೋನ್ ಮಾಡಿ ಕೂಗಾಡಿದವನಿಗಷ್ಟೇ ಅಲ್ಲ, ಬಾಟಲಿ ತಂದು ತೋರಿಸಿದವರಿಗೆಲ್ಲ ಹಣ ಕೊಡಬೇಕು. ಅಂಗಡಿಯವನ ಹತ್ತಿರ ಉಳಿದ ಮಾಲಿಗೂ ಕೊಡಬೇಕು. ಇಲ್ಲದಿದ್ದರೆ ಅವನು ಕಣ್ಣುಮುಚ್ಚಿ ಮಾರುತ್ತಲೇ ಇರುತ್ತಾನೆ, ಅವನ ಬಂಡವಾಳ ಅಲ್ಲಿ ಸಿಕ್ಕಿಕೊಂಡಿದೆ ಅಲ್ವಾ? ಆಸ್ಪತ್ರೆಗೆ ಹೋಗಿದ್ದರೆ ಆ ಖರ್ಚು ಬೇರೆ. ಟೀ ಶರ್ಟು, ಓಪನರ್ ಎಲ್ಲ ಜಾಹೀರಾತು, ಅದನ್ನು ಪರಿಹಾರ ಅನ್ನಬಾರದು.

ಕಾನೂನಿನಲ್ಲಿ ದಾರಿ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಲೆಕ್ಕದಲ್ಲಿ ಬಿಯರ್ ಕೂಡ ಆಹಾರವೇ. ಮದ್ಯದ ಗುಣಮಟ್ಟಕ್ಕೇ ಬೇರೆ ನಿಯಮಗಳು 2019ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನಾನು ಮೊದಲ ದಿನವೇ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕಿತ್ತು. ಅವರು ಅಂಗಡಿಯಲ್ಲಿರುವ ಸೀಲ್ ಆದ ಮಾಲಿನಿಂದಲೇ ಸ್ಯಾಂಪಲ್ ತೆಗೆದು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ನಾನು ಹೋಗುವಷ್ಟರಲ್ಲಿ ಆ ಕೋಣೆ ಖಾಲಿಯಾಗಿತ್ತು.

ಇನ್ನೊಂದು ದಾರಿ ಗ್ರಾಹಕರ ಆಯೋಗ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ವಸ್ತುವಿನ ದೋಷ ಪರೀಕ್ಷೆ ಮಾಡದೆ ಗೊತ್ತಾಗುವಂಥದ್ದಲ್ಲ ಎಂದಾದರೆ ಆಯೋಗವೇ ಸ್ಯಾಂಪಲ್ ಲ್ಯಾಬಿಗೆ ಕಳಿಸುತ್ತದೆ. ಕಳಿಸಲು ನಿಮ್ಮ ಹತ್ತಿರ ಬಾಟಲಿ ಇರಬೇಕು, ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ನಷ್ಟವಾದವರು ಬಹಳ ಜನ, ಅವರು ಯಾರೆಂದು ಹುಡುಕುವುದು ಕಷ್ಟ ಅಂತಿದ್ದರೆ, ಮಾರಿದ ದೋಷದ ಮಾಲಿನ ಬೆಲೆಯಲ್ಲಿ ಕನಿಷ್ಠ ನೂರಕ್ಕೆ 25ರಷ್ಟನ್ನು ಕಟ್ಟುವಂತೆ ಆಯೋಗ ಹೇಳಬಹುದು. ಚೆಲ್ಲಿ ಸುಮ್ಮನಾದವರನ್ನೂ ಕಾನೂನು ಮರೆತಿಲ್ಲ.

ಗೆಳೆಯರ ಸಲಹೆ ಬೇರೆ. "ಇನ್ನ ಮ್ಯಾಲೆ ಗೋವಾದಿಂದ ತರೂಣು ಬಿಡಲೇ, ಸೋವಿನೂ ಆಗ್ತೈತಿ." ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನ ಈ ಆಸೆ ಬೆಳಗಾವಿಯವರಿಗೆ ಹೇಳಿಕೊಡಬೇಕಿಲ್ಲ. ಅದು ಅಲ್ಲಿ ಮಾತ್ರ ಮಾರಬೇಕಾದ ಮಾಲು. ಇಲ್ಲಿಗೆ ತಂದು ಸಿಕ್ಕಿಬಿದ್ದರೆ ಕೇಸು. ಕೆಟ್ಟಿದ್ದರೆ ಯಾರ ಮುಂದೆ ಹೋಗಿ ದೂರು ಹೇಳುತ್ತೀರಿ?

ಈಗ ನನ್ನ ದೂರು ಆಯೋಗದಲ್ಲಿದೆ. ಬಿಲ್ ಇಲ್ಲ, ಫೋನಿನಲ್ಲಿ ಹಾಕಿದ 4,440 ರೂಪಾಯಿಯ ದಾಖಲೆ ಇದೆ. ಮೊದಲ ಬಾಟಲಿಗಳು ಕಂಪನಿಯ ಬ್ಯಾಗಿಗೆ ಹೋದವು. ಆದರೆ ಆ ಹುಡುಗ ಕೊಡಿಸಿದ ಬಾಕ್ಸ್ ಇದೆಯಲ್ಲ, ಸೀಲ್ ಒಡೆಯದ 12 ಬಾಟಲಿ, ಅದೇ ಬ್ಯಾಚು, ಜೊತೆಗೆ ಕೊಟ್ಟಿದ್ದೇವೆ ಅಂತ ಅವರದೇ ಹಾಳೆ, ಅವನೇ ವಾಟ್ಸಾಪಿಗೆ ಹಾಕಿದ ಫೋಟೋ. ವಕೀಲರು ಅದನ್ನು ನೋಡಿ ಮೊದಲ ಸಲ ನಕ್ಕರು. "ಬಿಸಿಲಿಗೆ ಇಡಬ್ಯಾಡ್ರಿ, ಹಂಗs ಕತ್ತಲದಾಗ ಇರಲಿ" ಎಂದರು.

ಬಾಕ್ಸ್ ಮೆಟ್ಟಿಲ ಕೆಳಗಿದೆ. ಲೇಬಲ್ ಪ್ರಕಾರ ಮೇ ತಿಂಗಳವರೆಗೆ ಕುಡಿಯಲು ಯೋಗ್ಯ. ನನ್ನ ಹೆಂಡತಿಯ ತಮ್ಮ ಖಾನಾಪುರದಿಂದ ಬಂದಾಗಲೆಲ್ಲ ಆ ಕಡೆ ಒಂದು ಕಣ್ಣು ಹಾಕಿ, "ಮಾಮಾ, ಒಂದs ಒಂದು ತಣ್ಣಗ ಮಾಡಿ ನೋಡೂಣೇನು?" ಅಂತಾನೆ. ಹೆಂಡತಿ ಮಾರ್ಕರ್ ತಗೊಂಡು ಬಾಕ್ಸ್ ಮೇಲೆ ದಪ್ಪಗೆ ಬರೆದಿಟ್ಟಿದ್ದಾಳೆ: ಸಾಕ್ಷಿ. ಕುಡಿಯಬಾರದು.