ದೊಡ್ಡ ಕರುಳಿಗೆ ಮಾತ್ರೆ: ಪಿಎಚ್ ಲೇಪನವೋ, ಗೋರಿಕಾಯಿ ಅಂಟೋ?

ಬೆಂಗಳೂರಿನಲ್ಲಿ ಎಂ.ಫಾರ್ಮ್ (ಔಷಧ ವಿಜ್ಞಾನದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಮೊದಲು ಎಡವುವುದು ಇಲ್ಲೇ: ಔಷಧವನ್ನು ದೊಡ್ಡ ಕರುಳಿನಲ್ಲೇ ಬಿಡುವ ಮಾತ್ರೆಗೆ ಯಾವ ದಾರಿ ಹಿಡಿಯಬೇಕು?

ಯೂಡ್ರಾಜಿಟ್ ಎಸ್ ಎಂಬ ಪಾಲಿಮರ್‌ನ ಲೇಪನ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು ಎನ್ನುವ ಅಳತೆ) 7 ದಾಟಿದ ಮೇಲೆ ಕರಗುತ್ತದೆ. ಜಠರದ ಆಮ್ಲಕ್ಕೆ ಜಗ್ಗದು. ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬದಲಿಸಿ ಪರೀಕ್ಷಿಸುವುದೂ ಸುಲಭ. ತೊಡಕು ಇರುವುದು ಕರುಳಿನಲ್ಲೇ: ಸಣ್ಣ ಕರುಳಿನ ಕೊನೆಯಲ್ಲಿ ಪಿಎಚ್ ಸುಮಾರು 7.4, ದೊಡ್ಡ ಕರುಳಿನ ಆರಂಭದಲ್ಲಿ 6ರ ಆಸುಪಾಸು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣು-ಉರಿಯೂತ) ಇದ್ದವರಲ್ಲಿ ಇನ್ನೂ ಇಳಿಯಬಹುದು. ಮಾತ್ರೆ ಬೇಗ ಕರಗೀತು, ಇಲ್ಲವೇ ಇಡಿಯಾಗಿ ಹೊರಬಿದ್ದೀತು. ರೋಗಿಗಾಗುವ ಈ ನಷ್ಟ ನನ್ನನ್ನು ಕಾಡುತ್ತದೆ.

ಇನ್ನೊಂದು ದಾರಿಯಾದ ಗ್ವಾರ್ ಗಮ್ ಎಂಬ ಅಂಟು ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ್ದೇ. ಅದನ್ನು ಒಡೆಯುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ, ಹಾಗಾಗಿ ಜಾಗದ ಗುರುತು ಹೆಚ್ಚು ನಂಬಿಕಸ್ಥ. ಆದರೆ ನೀರು ಹೀರಿ ಉಬ್ಬುವಾಗ ಔಷಧ ಮೊದಲೇ ಸೋರಬಹುದು. ಆಂಟಿಬಯೋಟಿಕ್ ನುಂಗುವವರಲ್ಲಿ ಲೆಕ್ಕ ತಪ್ಪಬಹುದು.

ನನ್ನ ಆಯ್ಕೆ: ಒಳಗೆ ಗ್ವಾರ್, ಹೊರಗೆ ಪಿಎಚ್ ಲೇಪನ. ಪ್ರಾಜೆಕ್ಟ್‌ಗೆ ಸಮಯ ತೀರಾ ಕಡಿಮೆಯಿದ್ದರೆ ಮಾತ್ರ ಬರೀ ಲೇಪನ.