ಬಳ್ಳಾರಿಯ ಬಿಸಿಲಿಗೆ ಸೈಕಲ್ ರೋಲರ್: ಹಲವು ಬೇಸಿಗೆಗಳ ಬಳಕೆಯ ನಂತರದ ವಿಮರ್ಶೆ

ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ನೆರವಾಗುವ, ಮೂರು ಅಲ್ಯುಮಿನಿಯಂ ಡ್ರಮ್‌ಗಳಿರುವ, ಮೋಟಾರಾಗಲಿ ಬ್ಲೂಟೂತ್ ಆಗಲಿ ಇಲ್ಲದ ಸಾದಾ ರೋಲರ್ ಒಂದನ್ನು ಕೆಲವು ವರ್ಷಗಳಿಂದ ಬಳ್ಳಾರಿಯ ನಮ್ಮ ಮನೆಯಲ್ಲಿ ಬಳಸುತ್ತಿದ್ದೇನೆ. ಅದರ ಮೇಲೆ ರೋಡ್ ಸೈಕಲ್ ನಿಲ್ಲಿಸಿ, ಎದುರಿನ ಪರದೆಯಲ್ಲಿ ಜ್ವಿಫ್ಟ್ (ನಮ್ಮ ತುಳಿತಕ್ಕೆ ತಕ್ಕಂತೆ ಬೊಂಬೆ ಸವಾರನನ್ನು ಓಡಿಸುವ ಆನ್‌ಲೈನ್ ಸೈಕ್ಲಿಂಗ್ ಆಟ) ತೆರೆದು ಅಭ್ಯಾಸ ಮಾಡುವವನ ಅನುಭವ ಇದು. ಸೈಕಲ್ಲನ್ನು ನೇರವಾಗಿ, ನಯವಾಗಿ ಓಡಿಸುವುದನ್ನು ಕಲಿಸುವುದರಲ್ಲಿ ರೋಲರ್‌ಗೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಬಳಸುವಾಗ ಪರದೆಯಲ್ಲಿ ಕಾಣುವ ವಾಟ್ ಲೆಕ್ಕಕ್ಕೆ, ಅಂದರೆ ತುಳಿತದ ಶಕ್ತಿಯ ಅಂಕಿಗೆ, ಮನಸೋತು ಯಾರೂ ಹಣ ಹಾಕಬಾರದು.

ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ರಸ್ತೆಯ ಅಭ್ಯಾಸಕ್ಕೆ ಸಿಗುವುದು ಬೆಳಗಿನ ಜಾವದ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿಯೂ ತೋರಣಗಲ್ಲು ಕಡೆಯ ಹೆದ್ದಾರಿಯಲ್ಲಿ ಅದಿರು ಲಾರಿಗಳು, ಅವು ಎಬ್ಬಿಸುವ ಕೆಂಪು ಧೂಳು. ಸಿರುಗುಪ್ಪ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಭತ್ತ ಹೊತ್ತ ಟ್ರ್ಯಾಕ್ಟರ್‌ಗಳು. ಕೆಲಸ ಮುಗಿಸಿ ರಾತ್ರಿ ಎಂಟರ ನಂತರ ಪೆಡಲ್ ತುಳಿಯಬೇಕೆನ್ನುವವರಿಗೆ ಮನೆಯೊಳಗಿನ ವ್ಯವಸ್ಥೆ ಬಿಟ್ಟರೆ ಬೇರೆ ದಾರಿಯಿಲ್ಲ.

ಹಿಂದಿನ ಚಕ್ರ ಎರಡು ಡ್ರಮ್‌ಗಳ ನಡುವೆ ಕೂರುತ್ತದೆ, ಮುಂದಿನ ಚಕ್ರ ಮೂರನೆಯ ಡ್ರಮ್ ಮೇಲೆ ನಿಲ್ಲುತ್ತದೆ, ಹಿಂದಿನ ಡ್ರಮ್‌ನ ತಿರುಗುವಿಕೆಯನ್ನು ಒಂದು ಬೆಲ್ಟ್ ಮುಂದಿನದಕ್ಕೆ ಒಯ್ಯುತ್ತದೆ. ಸೈಕಲ್ಲನ್ನು ಯಾವ ಭಾಗವೂ ಹಿಡಿದುಕೊಂಡಿರುವುದಿಲ್ಲವಾದ್ದರಿಂದ ಸಮತೋಲನ ಪೂರ್ತಿಯಾಗಿ ಸವಾರನದೇ. ಟರ್ಬೊ ಟ್ರೈನರ್‌ನಲ್ಲಿ ಹಿಂದಿನ ಆಕ್ಸಲ್ ಬಿಗಿದಿರುವುದರಿಂದ ಸೊಂಟ ಕುಣಿಸಿ, ಹ್ಯಾಂಡಲ್ ಜಗ್ಗಿ ತುಳಿದರೂ ನಡೆದುಹೋಗುತ್ತದೆ. ರೋಲರ್‌ನಲ್ಲಿ ಅಂಥ ತುಳಿತಕ್ಕೆ ಚಕ್ರ ಆ ಕ್ಷಣವೇ ಅಂಚಿನತ್ತ ಸರಿಯುತ್ತದೆ. ಆರಂಭದ ವಾರಗಳಲ್ಲಿ ಬಾಗಿಲಿನ ಚೌಕಟ್ಟಿನ ನಡುವೆ ಇಟ್ಟುಕೊಂಡು, ಎರಡೂ ಬದಿಗೆ ಮೊಣಕೈ ತಾಗುವಷ್ಟು ಆಸರೆಯಿರುವಂತೆ ಕಲಿಯುವುದು ಕ್ಷೇಮ. ಮುಂದಿನ ಡ್ರಮ್‌ನ ಸ್ಥಾನವನ್ನು ಸೈಕಲ್‌ನ ಉದ್ದಕ್ಕೆ ತಕ್ಕಂತೆ ಕೈಪಿಡಿಯಲ್ಲಿ ಹೇಳಿದ ಹಾಗೆಯೇ ಹೊಂದಿಸಬೇಕು. ಒಂದೇ ರೋಲರನ್ನು ಮನೆಯ ಇಬ್ಬರು ಬೇರೆ ಬೇರೆ ಅಳತೆಯ ಸೈಕಲ್ಲುಗಳಿಗೆ ಬಳಸುವುದಾದರೆ ಈ ಕೆಲಸ ಪ್ರತಿಸಲವೂ ಇದ್ದದ್ದೇ. ರಸ್ತೆಗೆ ಮರಳಿದಾಗ ಬಿಳಿ ಗೆರೆಯ ಮೇಲೆ ಅಲುಗದೆ ಸಾಗುವ ಸೈಕಲ್, ಹೆಚ್ಚಿನ ಕೇಡೆನ್ಸ್‌ನಲ್ಲಿಯೂ (ಪೆಡಲ್ ತಿರುಗಿಸುವ ವೇಗ) ಸೀಟಿನ ಮೇಲೆ ಪುಟಿಯದ ದೇಹ, ಇವು ನನಗೆ ಸಿಕ್ಕ ಲಾಭ. ಟ್ರ್ಯಾಕ್ ಸೈಕ್ಲಿಸ್ಟರು ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಇಂದಿಗೂ ರೋಲರನ್ನೇ ಏರುವುದು ಏಕೆಂದು ಬಳಸಿದ ಮೇಲೆ ಅರ್ಥವಾಗುತ್ತದೆ.

ಪರದೆಯನ್ನು ಎಲ್ಲಿಡಬೇಕೆಂಬುದು ಮಾರುವವರು ಯಾರೂ ಹೇಳದ ವಿಷಯ. ಕಣ್ಣು ಹೋದತ್ತ ಸೈಕಲ್ಲೂ ಹೋಗುವುದರಿಂದ, ಟಿವಿ ಪಕ್ಕದ ಗೋಡೆಯಲ್ಲಿದ್ದರೆ ಸೈಕಲ್ ಮೆಲ್ಲಗೆ ಆ ಬದಿಗೆ ವಾಲುತ್ತದೆ. ಪರದೆ ನೇರ ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ಕೆಲವು ಅಡಿ ದೂರದಲ್ಲಿರಬೇಕು. ಹ್ಯಾಂಡಲ್‌ಗೆ ಫೋನ್ ಕಟ್ಟಿಕೊಂಡು ಅದನ್ನೇ ನೋಡುವುದು ಇನ್ನೂ ಕಷ್ಟ, ತಲೆ ಬಗ್ಗಿದೊಡನೆ ಚಕ್ರ ಹೊಯ್ದಾಡುತ್ತದೆ. ಆಟದೊಳಗಿನ ಸಂದೇಶಗಳಿಗೆ ಉತ್ತರಿಸುವ ಆಸೆಯನ್ನು ರೋಲರ್ ಬಳಸುವವರು ಬಿಟ್ಟುಬಿಡುವುದು ಒಳ್ಳೆಯದು.

ಇನ್ನು ವಾಟ್‌ಗಳ ಮಾತು. ಸಾದಾ ರೋಲರ್ ತಾನಾಗಿ ಯಾವ ಮಾಹಿತಿಯನ್ನೂ ಕಳಿಸುವುದಿಲ್ಲ. ಚಕ್ರದ ಹಬ್‌ಗೆ ಸ್ಪೀಡ್ ಸೆನ್ಸರ್ ಕಟ್ಟಿ, ಪಟ್ಟಿಯಿಂದ ನಮ್ಮ ರೋಲರ್‌ನ ಮಾದರಿಯನ್ನು ಆರಿಸಿದರೆ, ಇಂಥ ವೇಗಕ್ಕೆ ಇಂತಿಷ್ಟು ವಾಟ್ ಎಂದು ಜ್ವಿಫ್ಟ್ ಅಂದಾಜು ಮಾಡುತ್ತದೆ. ಈ ಅಂದಾಜಿಗೆ ಟಯರ್‌ನ ಗಾಳಿಯೂ ಗೊತ್ತಿಲ್ಲ, ಸವಾರನ ತೂಕದಿಂದ ಡ್ರಮ್ ಮೇಲೆ ಟಯರ್ ಎಷ್ಟು ಚಪ್ಪಟೆಯಾಗುತ್ತದೆಂಬುದೂ ಗೊತ್ತಿಲ್ಲ. ಟಯರ್‌ನಲ್ಲಿ ಗಾಳಿ ಕಡಿಮೆಯಾದರೆ ಅದೇ ವೇಗಕ್ಕೆ ಹೆಚ್ಚು ತುಳಿಯಬೇಕು, ಪರದೆಯ ಅಂಕಿ ಮಾತ್ರ ಮಿಸುಕುವುದಿಲ್ಲ. ಡ್ರಮ್‌ನ ವ್ಯಾಸ ಚಿಕ್ಕದಾದಷ್ಟೂ ಟಯರ್ ಹೆಚ್ಚು ಮಡಿಚಿಕೊಂಡು ಪ್ರತಿರೋಧ ಏರುತ್ತದೆ. ದೊಡ್ಡ ಡ್ರಮ್‌ಗಳಲ್ಲಿ ಗಂಟೆಗೆ 40 ಕಿ.ಮೀ. ದಾಟುವುದು ಶಕ್ತಿಯ ಲಕ್ಷಣವೇನೂ ಅಲ್ಲ, ಏಕೆಂದರೆ ಅಲ್ಲಿ ಎದುರುಗಾಳಿಯೇ ಇಲ್ಲ. ಹಾಗಾಗಿ ಪ್ರತಿಸಲ ಒಂದೇ ಒತ್ತಡಕ್ಕೆ ಗಾಳಿ ಹಾಕಿ, ನನ್ನ ಹಿಂದಿನ ಅಂಕಿಗಳೊಡನೆ ಮಾತ್ರ ಹೋಲಿಸುತ್ತೇನೆ. ಅಂದಾಜು ವಾಟ್‌ಗಳಿಗೆ ಅನೇಕ ಆನ್‌ಲೈನ್ ಪಂದ್ಯಗಳಲ್ಲಿ ಮನ್ನಣೆಯಿಲ್ಲ. ಪಂದ್ಯವೇ ಗುರಿಯಾದರೆ ತುಳಿತದ ಶಕ್ತಿಯನ್ನು ನೇರವಾಗಿ ಅಳೆಯುವ ಪವರ್ ಮೀಟರ್ ಬೇಕು, ಅದರ ಬೆಲೆ ರೋಲರ್‌ಗಿಂತ ಹೆಚ್ಚಾಗಬಹುದು.

ಏರುಗಳ ವಿಷಯದಲ್ಲಿ ಸಾದಾ ರೋಲರ್ ನಿರಾಸೆ ಮಾಡುತ್ತದೆ. ಜ್ವಿಫ್ಟ್‌ನ ಆಲ್ಪ್ ಡು ಜ್ವಿಫ್ಟ್ 12.2 ಕಿ.ಮೀ. ಉದ್ದದ, 21 ತಿರುವುಗಳ, ಸರಾಸರಿ ಶೇ 8.5ರಷ್ಟು ಏರಿನ ದಾರಿ. 1,036 ಮೀಟರ್ ಮೇಲೇರಬೇಕು. ಆದರೆ ಕಾಲಿಗೆ ಅದು ಬಯಲು ರಸ್ತೆಯಂತೆಯೇ ಇರುತ್ತದೆ: ಪರದೆಯಲ್ಲಿ ಬೊಂಬೆ ತೆವಳುತ್ತಿರುವಾಗ ಕೆಳಗೆ ಚಕ್ರಗಳು 30ರ ವೇಗದಲ್ಲಿ ಗಿರ್ರೆನ್ನುತ್ತಿರುತ್ತವೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತುವಾಗ ತೊಡೆಗಳಿಗೆ ಬೀಳುವ ಭಾರ ಇಲ್ಲಿ ಸಿಗದು. ಪ್ರತಿರೋಧವನ್ನು ತಾನೇ ಬದಲಿಸುವ ಎಲೈಟ್ ನೀರೊದಂಥ ಸ್ಮಾರ್ಟ್ ರೋಲರ್‌ಗಳಿವೆ, ಆದರೆ ಅಷ್ಟು ಹಣ ಹಾಕುವವರು ಹಿಂದಿನ ಚಕ್ರ ಬಿಚ್ಚಿ ಕೂರಿಸುವ ಡೈರೆಕ್ಟ್ ಡ್ರೈವ್ ಟ್ರೈನರನ್ನೂ ಒಮ್ಮೆ ನೋಡಬೇಕು.

ಸೆಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸ್ನಾಯುಗಳ ದಕ್ಷತೆ ಶೇ 20ರಿಂದ 25ರಷ್ಟೇ ಇರುವುದರಿಂದ, ಪೆಡಲ್ ಮೇಲೆ 150 ವಾಟ್ ಹಾಕುವ ದೇಹ 450ರಿಂದ 600 ವಾಟ್‌ನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ರಸ್ತೆಯಲ್ಲಿ ಆ ಶಾಖವನ್ನು ಗಾಳಿ ಒಯ್ಯುತ್ತದೆ, ಕೋಣೆಯಲ್ಲಿ ಅದು ಸುತ್ತಲೇ ನಿಲ್ಲುತ್ತದೆ. ನಮ್ಮ ಒಣ ಬೇಸಿಗೆಗೆ ಏರ್ ಕೂಲರ್ ಚೆನ್ನಾಗಿ ಒಗ್ಗುತ್ತದೆ, ಆದರೆ ಕಿಟಕಿ ತೆರೆದಿರಬೇಕು. ಇಲ್ಲವಾದರೆ ಕೋಣೆಯ ತೇವ ಏರಿ ಬೆವರು ಆರುವುದೇ ಇಲ್ಲ. ಮಳೆಗಾಲದಲ್ಲಿ ನೀರು ನಿಲ್ಲಿಸಿ ಬರೀ ಗಾಳಿ ಸಾಕು. ಉಪ್ಪು ಬೆರೆಸಿದ ನೀರು ಮಜ್ಜಿಗೆ ಪಕ್ಕದಲ್ಲಿರಲಿ. ಕರೆಂಟ್ ಹೋದಾಗ ಗೋಡೆಯ ಪ್ಲಗ್ಗನ್ನೇ ನಂಬಿದ ಸ್ಮಾರ್ಟ್ ಟ್ರೈನರ್ ತನ್ನ ನಿಯಂತ್ರಣ ಕಳೆದುಕೊಳ್ಳುತ್ತದೆ, ರೋಲರ್‌ಗೆ ಏನೂ ಆಗುವುದಿಲ್ಲ. ಆದರೂ ಫ್ಯಾನ್ ನಿಂತ ಮೇಲೆ ಮೇ ತಿಂಗಳಿನಲ್ಲಿ ತುಳಿತ ಮುಂದುವರಿಸುವುದು ಜಾಣತನವಲ್ಲ.

ನಿರ್ವಹಣೆ ಹೆಚ್ಚಿಲ್ಲ. ಡ್ರಮ್‌ಗಳ ಮೇಲೆ ಕೂರುವ ಕೆಂಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಹ್ಯಾಂಡಲ್ ಮತ್ತು ಮೇಲಿನ ಟ್ಯೂಬ್ ಮೇಲೆ ಟವೆಲ್ ಹೊದಿಸಬೇಕು, ಏಕೆಂದರೆ ಬೆವರಿನ ಉಪ್ಪು ಹ್ಯಾಂಡಲ್ ತಿರುಗಲು ನೆರವಾಗುವ ಹೆಡ್‌ಸೆಟ್ ಬೇರಿಂಗ್‌ಗೂ ಅದನ್ನು ಹಿಡಿದಿಡುವ ಸ್ಟೆಮ್ ಬೋಲ್ಟ್‌ಗಳಿಗೂ ತುಕ್ಕು ಹಿಡಿಸುತ್ತದೆ. ಗುಬುಟು ಟಯರ್‌ಗಳ ಎಂಟಿಬಿ (ಮೌಂಟನ್ ಬೈಕ್) ಏರಿಸಿದರೆ ಸದ್ದು ಮನೆಯನ್ನೇ ತುಂಬುತ್ತದೆ; ನುಣುಪು ಟಯರ್ ಹಾಕಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಕೆಳಮನೆಯವರ ನಿದ್ದೆ ಉಳಿಯುತ್ತದೆ.

ಖರ್ಚಿನ ಲೆಕ್ಕದಲ್ಲಿ ಚಂದಾ ಹಣವನ್ನೂ ಸೇರಿಸಿಕೊಳ್ಳಬೇಕು: ಜ್ವಿಫ್ಟ್‌ನ ದರ 2024ರಿಂದ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್. ನಾನು ಬೇಸಿಗೆಯ ತಿಂಗಳುಗಳಿಗೆ ಮಾತ್ರ ಚಂದಾ ಕಟ್ಟಿ, ಮಳೆ ಬಿದ್ದ ಮೇಲೆ ನಿಲ್ಲಿಸುತ್ತೇನೆ. ರಸ್ತೆಯಲ್ಲಿ ಈಗಾಗಲೇ ಓಡಿಸುತ್ತಿದ್ದು, ಕೌಶಲ ಹೆಚ್ಚಿಸಿಕೊಳ್ಳಬೇಕೆನ್ನುವವರು ರೋಲರ್ ಕೊಳ್ಳಬಹುದು; ಏರು ಮತ್ತು ಪಂದ್ಯವೇ ಮುಖ್ಯ ಎನ್ನುವವರಿಗೆ ಇದು ತಕ್ಕುದಲ್ಲ. ಕೊಳ್ಳುವಾಗ ಒಂದು ಬೆಲ್ಟ್ ಹೆಚ್ಚಿಗೆ ತರಿಸಿಕೊಳ್ಳಿ, ನಮ್ಮೂರಿನ ಸೈಕಲ್ ಅಂಗಡಿಗಳಲ್ಲಿ ನನಗೆ ಅದು ಸಿಗಲಿಲ್ಲ.