ಹೊಲಿಗೆ ಕಾರ್ಮಿಕರನ್ನು ಉಳಿಸಿಕೊಳ್ಳಲು: ಸಂಬಳ ಹೆಚ್ಚಳವೇ, ಶಿಶುಪಾಲನಾ ಕೇಂದ್ರವೇ?

ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪು ಘಟಕಗಳಂಥ ಕಡೆ ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚಾದ್ದರಿಂದ, ಈ ಎರಡನ್ನೂ ಅವರ ದಿನಚರಿಯ ಕಡೆಯಿಂದ ನೋಡಬೇಕು.

ಸಂಬಳವನ್ನು ಈ ತಿಂಗಳೇ ಏರಿಸಬಹುದು. ಆದರೆ ಆ ಖರ್ಚು ಮತ್ತೆ ಇಳಿಯುವುದಿಲ್ಲ, ಪಕ್ಕದ ಕಾರ್ಖಾನೆ ಇನ್ನಷ್ಟು ಕೊಟ್ಟ ದಿನ ಆ ಹೆಚ್ಚಳದ ಹಿಡಿತ ಸಡಿಲಾಗುತ್ತದೆ.

ಶಿಶುಪಾಲನಾ ಕೇಂದ್ರಕ್ಕೆ ಜಾಗ, ನುರಿತ ಆಯಾ, ಸ್ವಚ್ಛತೆ ಎಲ್ಲವೂ ಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಅದನ್ನು ಕಡ್ಡಾಯಗೊಳಿಸಿತು. ಹಾಗಾಗಿ ದೊಡ್ಡ ಘಟಕಗಳಿಗೆ ನಿಜವಾದ ಪ್ರಶ್ನೆ, ಅದನ್ನು ತಾಯಂದಿರು ನಂಬುವಷ್ಟು ಚೆನ್ನಾಗಿ ನಡೆಸುತ್ತೇವೆಯೇ ಎಂಬುದು. ಮಗುವನ್ನು ನಿಶ್ಚಿಂತೆಯಿಂದ ಬಿಡಬಲ್ಲ ತಾಯಿ ಸಣ್ಣ ವೇತನ ವ್ಯತ್ಯಾಸಕ್ಕಾಗಿ ಸುಲಭವಾಗಿ ಕೆಲಸ ಬದಲಿಸುವುದಿಲ್ಲ ಎಂದೇ ನನ್ನ ನಂಬಿಕೆ.

ಬಿಟ್ಟುಹೋಗುವವರು ಅವಿವಾಹಿತರೋ ವಲಸೆ ಬಂದವರೋ ಆಗಿದ್ದರೆ ಸಂಬಳಕ್ಕೇ ಆದ್ಯತೆ ಕೊಡಿ. ಹೆರಿಗೆಯ ನಂತರ ಮರಳದವರೇ ಹೆಚ್ಚಿದ್ದರೆ ಕೇಂದ್ರವನ್ನು ಮೊದಲು ಸುಧಾರಿಸಿ.